ಸಹಾಯ ಬೇಕು: 1900ರ ಚೀನಾ ಯುದ್ಧದ ಭಾರತೀಯ ಸೈನಿಕರ ಪದಕಗಳು ಮತ್ತು ಸಾವುನೋವಿನ ವಿವರ
ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಲು ಬ್ರಿಟಿಷರು 1900ರಲ್ಲಿ ಚೀನಾಕ್ಕೆ ಕಳುಹಿಸಿದ ಭಾರತೀಯ ಪಡೆಗಳಲ್ಲಿ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಸೇನಾ ಎಂಜಿನಿಯರಿಂಗ್ ದಳದವರೂ ಇದ್ದರು. ಅವರಿಗೆ ದೊರೆತ ಪದಕಗಳ ವಿವರವನ್ನೂ, ಗುಂಡಿಗೋ ಕಾಯಿಲೆಗೋ ಬಲಿಯಾದವರ ಹೆಸರುಗಳನ್ನೂ ಕಲೆಹಾಕುತ್ತಿದ್ದೇನೆ. ಸೈನಿಕರಿಗೆ ಬೆಳ್ಳಿಯ ಪದಕ ಸಿಕ್ಕರೆ, ಡೋಲಿ ಹೊರುವವರಿಗೆ, ಗಾಡಿ ಹೊಡೆಯುವವರಿಗೆ, ಸೇವಕರಿಗೆ ಸಿಕ್ಕಿದ್ದು ಕಂಚಿನದು. ಸತ್ತವರ ಲೆಕ್ಕದಲ್ಲಿ ಮೊದಲು ಮರೆಯಾಗುವವರು ಇವರೇ ಎಂಬುದು ನನ್ನ ಅನಿಸಿಕೆಯಾದ್ದರಿಂದ, ಇವರ ಮಾಹಿತಿ ನನಗೆ ಹೆಚ್ಚು ಮುಖ್ಯ.

ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಓ 100 (ಬ್ರಿಟಿಷ್ ಯುದ್ಧ ಇಲಾಖೆಯ ದಾಖಲೆ) ಸರಣಿಯ ಪದಕ ಪಟ್ಟಿಗಳನ್ನು ನೋಡಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು. ನಿಮ್ಮ ಮನೆಯಲ್ಲಿ ಹಳದಿ ಅಂಚಿನ ಕೆಂಪು ರಿಬ್ಬನ್ನಿನ, ವಿಕ್ಟೋರಿಯಾ ರಾಣಿಯ ಮುಖವಿರುವ ಪದಕವಿದ್ದರೆ, ಅದರ ಅಂಚಿನ ಮೇಲಿನ ಅಕ್ಷರಗಳ ಚಿತ್ರವನ್ನು ಕಳುಹಿಸಿ. ಉಜ್ಜಿ ಹೊಳಪು ಮಾಡಬೇಡಿ, ಹೆಸರು ಸವೆದುಹೋಗುತ್ತದೆ.