ಸಹಾಯ ಬೇಕು: ಐಟಿ ನೇಮಕಾತಿ ಕೆಲಸಕ್ಕೆ ಸೇರಲೇ?

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ, ಶಿವಮೊಗ್ಗದಲ್ಲಿ ಬಿಬಿಎ ಮುಗಿಸಿದ್ದೇನೆ. ಐಟಿ ಕಂಪನಿಗಳಿಗೆ ಎಂಜಿನಿಯರುಗಳನ್ನು ಹುಡುಕಿಕೊಡುವ ಬೆಂಗಳೂರಿನ ಸಂಸ್ಥೆಯೊಂದು ಕೆಲಸಕ್ಕೆ ಕರೆದಿದೆ. ಸಂಬಳ ಕಡಿಮೆ, ಉಳಿದದ್ದು ಇನ್ಸೆಂಟಿವ್. ನಾವು ಸೇರಿಸಿದ ಅಭ್ಯರ್ಥಿ 3 ತಿಂಗಳೊಳಗೆ ಬಿಟ್ಟುಹೋದರೆ ಅದನ್ನೂ ಹಿಂದಕ್ಕೆ ಪಡೆಯುತ್ತಾರಂತೆ. ಇದು ಎಲ್ಲ ಕಡೆಯ ಪದ್ಧತಿಯೇ?

ಸಂದರ್ಶನದಲ್ಲಿ ಜಾವಾ, ಜಾವಾಸ್ಕ್ರಿಪ್ಟ್ ಎರಡೂ ಒಂದೇ ಎಂದುಬಿಟ್ಟೆ; ಅವು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಂತೆ. ಎದುರಿಗಿದ್ದ ಮೇಡಂ ಪೆನ್ನಿಗೆ ಮುಚ್ಚಳ ಹಾಕಿಟ್ಟರು. ಆದರೂ ಆಯ್ಕೆಯಾಗಿದ್ದೇನೆ, ಹೇಗೋ ಗೊತ್ತಿಲ್ಲ! ಕೋಡಿಂಗ್ ಬಾರದವರು ಎಷ್ಟು ತಾಂತ್ರಿಕ ವಿಷಯ ತಿಳಿದಿರಬೇಕು? AND, OR, NOT ಪದಗಳನ್ನು ಸೇರಿಸಿ ರೆಸ್ಯೂಮೆ ಹುಡುಕುವ ಬೂಲಿಯನ್ ವಿಧಾನವನ್ನು ಮನೆಯಲ್ಲೇ ಕಲಿಯಬಹುದೇ?

ಅನುಭವವಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ, ಕರೆ ಬೇಡ. ಈ ಮಳೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅಡಿಕೆ ತೋಟ ದಾಟಿ ಗುಡ್ಡ ಹತ್ತಬೇಕು. ಸೋಮವಾರದೊಳಗೆ ಅವರಿಗೆ ಉತ್ತರ ಕೊಡಬೇಕಾಗಿದೆ.