ಎಲ್‌ಎಂ75 ಓಎಸ್ ಪಿನ್ ಒಂದೇ ಸಲ ಲೋ ಆಗಿ ಆಮೇಲೆ ಸುಮ್ಮನಾಗುತ್ತಿದೆ, ಯಾಕೆ?

ಕಾದಕಬ್ಬಿಣ:
ರಾಸ್ಪ್‌ಬೆರಿ ಪೈ, ಐ2ಸಿ ಬಸ್ 1. ಅದರ ಮೇಲೆ ಉಷ್ಣಾಂಶ ಅಳೆಯುವ ಎಲ್‌ಎಂ75 (ಅಡ್ರೆಸ್ ಹೆಕ್ಸ್ 48), ಟಿಎಂಪಿ102 (49), 12 ವೋಲ್ಟ್ ಲೈನ್ ನೋಡಲು ಐಎನ್‌ಎ226 (40). ಮೂರರ ಅಲರ್ಟ್ (ಎಚ್ಚರಿಕೆ) ಪಿನ್‌ಗಳನ್ನೂ (ಎಲ್‌ಎಂ75ರಲ್ಲಿ ಅದರ ಹೆಸರು ಓಎಸ್) ಒಟ್ಟು ಸೇರಿಸಿ, 3.3 ವೋಲ್ಟ್‌ಗೆ 4.7 ಕಿಲೋಓಮ್ ಪುಲ್‌ಅಪ್ ಕೊಟ್ಟು ಪೈನ ಒಂದೇ ಜಿಪಿಐಓ ಪಿನ್‌ಗೆ ತಂದಿದೆ. ಇಂಟರಪ್ಟ್ ಫಾಲಿಂಗ್ ಎಡ್ಜ್‌ಗೆ.

ಎಲ್‌ಎಂ75ಗೆ ಐ2ಸಿಸೆಟ್ ಕಮಾಂಡ್‌ನ ವರ್ಡ್ ಮೋಡ್‌ನಲ್ಲಿ (ಎರಡು ಬೈಟ್ ಒಟ್ಟಿಗೆ) ಬರೆದದ್ದು, ಬೆಲೆಗಳೆಲ್ಲ ಹೆಕ್ಸ್‌ನಲ್ಲಿ: ಟಿಓಎಸ್, ಅಂದರೆ ಮೇಲಿನ ಮಿತಿ (ರಿಜಿಸ್ಟರ್ 3) = 3ಸಿ00, ಅಂದರೆ 60 ಡಿಗ್ರಿ. ಹಿಸ್ಟರಿಸಿಸ್, ಅಂದರೆ ಕೆಳಗಿನ ಮಿತಿ (ರಿಜಿಸ್ಟರ್ 2) = 3700, ಅಂದರೆ 55. ಕಾನ್ಫಿಗ್ = 12, ಅಂದರೆ ಇಂಟರಪ್ಟ್ ಮೋಡ್, ಫಾಲ್ಟ್ ಕ್ಯೂ 4 (ಸತತ 4 ಅಳತೆ ಮಿತಿ ದಾಟಿದರೆ ಮಾತ್ರ ಎಚ್ಚರಿಕೆ). ಉಷ್ಣಾಂಶವನ್ನು ಪ್ರೋಗ್ರಾಂ ಸೆಕೆಂಡಿಗೊಮ್ಮೆ ಓದುತ್ತೆ.

ಕೋಣೆ 30 ಡಿಗ್ರಿ ಇರುವಾಗಲೇ ಆನ್ ಮಾಡಿದ ತಕ್ಷಣ ಓಎಸ್ ಒಮ್ಮೆ ಲೋ ಆಗುತ್ತೆ. ಆಮೇಲೆ ಹೇರ್ ಡ್ರೈಯರ್‌ನಿಂದ 70ಕ್ಕೆ ಏರಿಸಿದರೂ ಏನೂ ಇಲ್ಲ. ರೀಡಿಂಗ್ ಮಾತ್ರ ಸರಿಯಾಗಿ ಬರುತ್ತಿದೆ. ಚಿಪ್ ಹೋಗಿದೆಯಾ?

ಬಿಟ್‌ಬೈರಾಗಿ:
ಚಿಪ್ ಚೆನ್ನಾಗಿಯೇ ಇದೆ. ಬೈಟ್‌ಗಳು ತಲೆಕೆಳಗಾಗಿವೆ, ಅಷ್ಟೇ.

ಎಲ್‌ಎಂ75ಗೆ ದೊಡ್ಡ ಬೈಟ್ ಮೊದಲು ಬೇಕು. ಐ2ಸಿಸೆಟ್ ಬಳಸುವ ಎಸ್‌ಎಂಬಸ್ (ಐ2ಸಿ ಆಧಾರದ ಪ್ರೋಟೋಕಾಲ್) ರೀತಿಯಲ್ಲಿ ವರ್ಡ್ ಬರೆಯುವಾಗ ಚಿಕ್ಕ ಬೈಟ್ ಮೊದಲು ಹೊರಡುತ್ತೆ. ನೀವು 3ಸಿ00 ಕೊಟ್ಟಾಗ ತಂತಿಯ ಮೇಲೆ ಹೋಗಿದ್ದು 00, ಆಮೇಲೆ 3ಸಿ. ಎರಡನೇ ಬೈಟ್‌ನಲ್ಲಿ ಚಿಪ್ ನೋಡುವುದು ಮೇಲಿನ ಒಂದೇ ಬಿಟ್ (ಅರ್ಧ ಡಿಗ್ರಿಯದು). 3ಸಿಯಲ್ಲಿ ಅದು ಸೊನ್ನೆ. ಹಾಗಾಗಿ ನಿಮ್ಮ ಟಿಓಎಸ್ ಸೊನ್ನೆ ಡಿಗ್ರಿ, ಹಿಸ್ಟರಿಸಿಸ್ ಕೂಡ ಸೊನ್ನೆ ಡಿಗ್ರಿ.

ಇನ್ನು ಇಂಟರಪ್ಟ್ ಮೋಡ್‌ನ ಸ್ವಭಾವ. ಟಿಓಎಸ್ ದಾಟಿದಾಗ ಓಎಸ್ ಬೀಳುತ್ತೆ (ಲೋ ಆಗುತ್ತೆ). ಯಾವುದೇ ರಿಜಿಸ್ಟರ್ ಓದಿದರೂ ಎದ್ದು ನಿಲ್ಲುತ್ತೆ. ಆಮೇಲೆ ಉಷ್ಣಾಂಶ ಹಿಸ್ಟರಿಸಿಸ್‌ಗಿಂತ ಕೆಳಗೆ ಇಳಿದರೆ ಮಾತ್ರ ಮತ್ತೆ ಬೀಳುತ್ತೆ. ಇಳಿದದ್ದನ್ನೂ ಅದು ಹೇಳುತ್ತೆ, ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮಲ್ಲಿ 30 ಡಿಗ್ರಿ ಸೊನ್ನೆಗಿಂತ ಮೇಲಿದೆ, ಒಮ್ಮೆ ಕೂಗಿತು. ನೀವು ಓದಿದಿರಿ. ಇನ್ನು ಸೊನ್ನೆಗಿಂತ ಕೆಳಗೆ ಇಳಿಯುವವರೆಗೂ ಅದಕ್ಕೆ ಕೆಲಸವಿಲ್ಲ. ಹೇರ್ ಡ್ರೈಯರ್ ಬದಲು ಫ್ರೀಜರ್‌ನಲ್ಲಿಟ್ಟಿದ್ದರೆ ಕೂಗುತ್ತಿತ್ತು!

ಟಿಓಎಸ್‌ಗೆ 003ಸಿ, ಹಿಸ್ಟರಿಸಿಸ್‌ಗೆ 0037 ಬರೆಯಿರಿ. ಐ2ಸಿಗೆಟ್‌ನಲ್ಲಿ ವರ್ಡ್ ಆಗಿ ವಾಪಸ್ ಓದಿದಾಗಲೂ ಹೀಗೇ ತಿರುಗಿ ಕಾಣುತ್ತೆ: 30 ಡಿಗ್ರಿ 001ಇ, 30.5 ಡಿಗ್ರಿ 801ಇ. ಬರೆದ ಮೇಲೆ ಒಮ್ಮೆ ಓದಿ ನೋಡುವ ಅಭ್ಯಾಸವಿದ್ದರೆ ಈ ತಪ್ಪು ಅಲ್ಲೇ ಸಿಗುತ್ತೆ.

ಕಾದಕಬ್ಬಿಣ:
ಅದೇ ಆಗಿತ್ತು. ಈಗ 60ಕ್ಕೆ ಬೀಳುತ್ತೆ, 55ಕ್ಕಿಂತ ಇಳಿದಾಗ ಇನ್ನೊಮ್ಮೆ.

ಹೊಸ ತೊಂದರೆ: 12 ವೋಲ್ಟ್ ಲೈನ್ ಒಮ್ಮೆ ಕುಸಿದರೆ ಐಎನ್‌ಎ226 ಲೈನನ್ನು ಲೋ ಹಿಡಿದೇ ಇರುತ್ತೆ. ಆಮೇಲೆ ಎಲ್‌ಎಂ75 ಬಿಸಿಯಾದರೂ ಇಂಟರಪ್ಟ್ ಬರುವುದಿಲ್ಲ. ಜೊತೆಗೆ, ಇದೇ ಲೈನ್‌ನಿಂದ ಹೀಟರ್‌ನ ಸ್ವಿಚ್ ಆಗಿರುವ ಮಾಸ್‌ಫೆಟ್ ಅನ್ನೂ ನೇರವಾಗಿ ಆಫ್ ಮಾಡುವ ಯೋಚನೆ ಇದೆ.

ಓಪನ್‌ಡ್ರೈನ್:
ಮೊದಲು ಲೈನ್ ವಿಷಯ. ಒಬ್ಬ ಆಗಲೇ ಕೆಳಗೆ ಎಳೆದಿರುವಾಗ ಇನ್ನೊಬ್ಬ ಎಳೆದರೆ ಎಡ್ಜ್ ಹುಟ್ಟುವುದಿಲ್ಲ. ಹಾಗಾಗಿ ಎಡ್ಜ್ ಬಂದಾಗ ಒಂದು ಚಿಪ್ ನೋಡಿ ಹೊರಬರಬೇಡಿ. ಲೈನ್ ಹೈ ಆಗುವವರೆಗೂ ಸುತ್ತಿ ಸುತ್ತಿ ಎಲ್ಲರನ್ನೂ ವಿಚಾರಿಸಿ. ಅಥವಾ ಲೆವೆಲ್ ಇಂಟರಪ್ಟ್ ಇಡಿ.

ಯಾರು ಕೂಗಿದ್ದು ಎಂದು ಕೇಳಲು ಎಸ್‌ಎಂಬಸ್‌ನಲ್ಲಿ ಅಲರ್ಟ್ ರೆಸ್ಪಾನ್ಸ್ ಅಡ್ರೆಸ್ ಇದೆ: ಹೆಕ್ಸ್ 0ಸಿ. ಅಲ್ಲಿಂದ ಒಂದು ಬೈಟ್ ಓದಿದರೆ ಕೂಗುತ್ತಿರುವ ಚಿಪ್ ತನ್ನ ಅಡ್ರೆಸ್ ಕೊಡುತ್ತೆ, ಒಂದು ಬಿಟ್ ಎಡಕ್ಕೆ ಸರಿದು. 49ರಲ್ಲಿರುವ ಟಿಎಂಪಿ102 ಆದರೆ 92 ಅಥವಾ 93. ಇಬ್ಬರೂ ಕೂಗುತ್ತಿದ್ದರೆ ಚಿಕ್ಕ ಅಡ್ರೆಸ್ ಗೆಲ್ಲುತ್ತೆ, ಸೋತವರು ಲೈನ್ ಬಿಡುವುದಿಲ್ಲ. ಟಿಎಂಪಿ102 ಇದಕ್ಕೆ ಉತ್ತರಿಸಬೇಕಾದರೆ ಇಂಟರಪ್ಟ್ ಮೋಡ್‌ನಲ್ಲಿರಬೇಕು. ಎಲ್‌ಎಂ75 ಇದಕ್ಕೆ ಉತ್ತರ ಕೊಡುತ್ತೆ ಎಂದು ನಂಬಿ ಕೂರಬೇಡಿ, ಅದನ್ನು ಪ್ರತ್ಯೇಕವಾಗಿ ಓದಿ.

ಐಎನ್‌ಎ226 ಹಿಡಿದುಕೊಂಡಿರುವುದು ಲ್ಯಾಚ್ ಬಿಟ್‌ನಿಂದ (ಎಚ್ಚರಿಕೆಯನ್ನು ಓದುವವರೆಗೂ ಹಿಡಿದಿಡುವ ಬಿಟ್). ರಿಜಿಸ್ಟರ್ 6 (ಮಾಸ್ಕ್/ಎನೇಬಲ್) ಓದಿದರೆ ಬಿಡುತ್ತೆ, ವೋಲ್ಟೇಜ್ ರಿಜಿಸ್ಟರ್ ಓದಿದರೆ ಬಿಡುವುದಿಲ್ಲ. 11.4 ವೋಲ್ಟ್‌ಗಿಂತ ಇಳಿದರೆ ಹೇಳಬೇಕಾದರೆ: ಒಂದು ಎಣಿಕೆ 1.25 ಮಿಲಿವೋಲ್ಟ್, ಹಾಗಾಗಿ 9120, ಅಂದರೆ ಹೆಕ್ಸ್‌ನಲ್ಲಿ 23ಎ0. ರಿಜಿಸ್ಟರ್ 7ಕ್ಕೆ ಅದನ್ನು ಬರೆದು, ನಂತರ ರಿಜಿಸ್ಟರ್ 6ಕ್ಕೆ 1001 (ಐ2ಸಿಸೆಟ್‌ನಲ್ಲಿ ಎ023 ಮತ್ತು 0110). ಈ ಕ್ರಮ ಬೇಕು. ಓವರ್‌ವೋಲ್ಟೇಜ್‌ಗೆ ಇಡುವಾಗ ಮಾಸ್ಕ್ ಮೊದಲು ಬರೆದರೆ, ಮಿತಿ ಇನ್ನೂ ಸೊನ್ನೆಯಲ್ಲೇ ಇರುವುದರಿಂದ ಆ ಕ್ಷಣವೇ ಕೂಗುತ್ತೆ. ಮಿತಿಯ ರಿಜಿಸ್ಟರ್ ಒಂದೇ. ಮೇಲಿನದು, ಕೆಳಗಿನದು ಎರಡನ್ನೂ ಎನೇಬಲ್ ಮಾಡಿದರೆ ಮೇಲಿನ ಬಿಟ್‌ನದೇ ನಡೆಯುತ್ತೆ.

ಹೀಟರ್ ಆನ್ ಆಗುವಾಗಿನ ಕ್ಷಣಿಕ ಕುಸಿತಕ್ಕೆ ಸುಮ್ಮನೆ ಕೂಗುತ್ತಿದ್ದರೆ ಐಎನ್‌ಎ226ರ ಕಾನ್ಫಿಗ್ 4127ರಿಂದ 4527 ಮಾಡಿ. 16 ರೀಡಿಂಗ್‌ಗಳ ಸರಾಸರಿ. ಶಂಟ್ (ಕರೆಂಟ್ ಅಳೆಯುವ ರೆಸಿಸ್ಟರ್), ಬಸ್ ಎರಡರ ವೋಲ್ಟೇಜನ್ನೂ ಅಳೆಯುವುದರಿಂದ ಸುಮಾರು 35 ಮಿಲಿಸೆಕೆಂಡ್ ತಡ.

ಬಿಟ್‌ಬೈರಾಗಿ:
ಹೀಟರ್ ಕಡಿಯುವ ಕೆಲಸಕ್ಕೆ ಇಂಟರಪ್ಟ್ ಮೋಡ್ ಬೇಡವೇ ಬೇಡ. ನೀವು ಸೆಕೆಂಡಿಗೊಮ್ಮೆ ಓದುತ್ತೀರಿ, ಓದಿದಾಗೆಲ್ಲ ಓಎಸ್ ವಾಪಸ್, ಹೀಟರ್ ಮತ್ತೆ ಆನ್. 65ರಲ್ಲೂ ಆನ್, 80ರಲ್ಲೂ ಆನ್. ಕಂಪ್ಯಾರೇಟರ್ ಮೋಡ್‌ನಲ್ಲಿ ಓದುವುದಕ್ಕೂ ಓಎಸ್‌ಗೂ ಸಂಬಂಧವಿಲ್ಲ: 60 ದಾಟಿದರೆ ಬಿದ್ದದ್ದು 55ಕ್ಕಿಂತ ಇಳಿಯುವವರೆಗೂ ಹಾಗೇ.

ಓಪನ್‌ಡ್ರೈನ್:
ಅದರ ಜೊತೆಗೆ ಎಲ್‌ಎಂ75 ಅನ್ನು ಹಂಚಿಕೆಯ ಲೈನ್‌ನಿಂದ ಬಿಡಿಸಿ, ಪೋಲಾರಿಟಿಯನ್ನೂ ತಿರುಗಿಸಿ. ಎಲ್‌ಎಂ75 ಕಾನ್ಫಿಗ್ 14: ಕಂಪ್ಯಾರೇಟರ್, ಆಕ್ಟಿವ್ ಹೈ, ಕ್ಯೂ 4. ಈಗ ಎಲ್ಲ ಸರಿ ಇದ್ದಾಗ ಚಿಪ್ ಲೈನನ್ನು ಕೆಳಗೆ ಹಿಡಿದಿರುತ್ತೆ, ಬಿಸಿಯಾದಾಗ ಕೈ ಬಿಡುತ್ತೆ. ಓಎಸ್ ಅನ್ನು ಬಿಸಿ547 ಟ್ರಾನ್ಸಿಸ್ಟರ್‌ನ ಬೇಸ್‌ಗೆ, ಅದರ ಕಲೆಕ್ಟರ್ ಅನ್ನು ಎನ್-ಚಾನೆಲ್ ಮಾಸ್‌ಫೆಟ್‌ನ ಗೇಟ್‌ಗೆ, ಎಮಿಟರ್ ಗ್ರೌಂಡ್‌ಗೆ. 10 ಕಿಲೋಓಮ್ ಪುಲ್‌ಅಪ್ ಅನ್ನು ಸೆನ್ಸರ್ ಪಕ್ಕದಲ್ಲಲ್ಲ, ಟ್ರಾನ್ಸಿಸ್ಟರ್ ಪಕ್ಕದಲ್ಲೇ ಇಡಿ. ಆಗ ನಡುವಿನ ವಯರ್ ಕಿತ್ತರೂ ಬೇಸ್‌ಗೆ ಕರೆಂಟ್ ಸಿಕ್ಕಿ ಗೇಟ್ ಕೆಳಗೆ ಬಂದು ಹೀಟರ್ ಆಫ್. ಆಕ್ಟಿವ್ ಲೋ ಇದ್ದಿದ್ದರೆ ಕಿತ್ತ ವಯರ್ "ಎಲ್ಲ ಸರಿ ಇದೆ" ಎನ್ನುತ್ತಿತ್ತು.

ಇನ್ನೊಂದು ಲಾಭ. ಸಪ್ಲೈ ಕುಸಿದು ಎಲ್‌ಎಂ75 ಮಾತ್ರ ರಿಸೆಟ್ ಆದರೆ ಟಿಓಎಸ್ 80, ಹಿಸ್ಟರಿಸಿಸ್ 75 ಡಿಗ್ರಿ, ಆಕ್ಟಿವ್ ಲೋಗೆ ಮರಳುತ್ತೆ. ತಣ್ಣಗಿದ್ದರೆ ಲೈನ್ ಬಿಟ್ಟಿರುತ್ತೆ, ಅಂದರೆ ಹೀಟರ್ ಆಫ್. ಆದರೆ ಹಾಗೆ ರಿಸೆಟ್ ಆದದ್ದು ಪ್ರೋಗ್ರಾಂಗೆ ತಿಳಿಯಬೇಕಲ್ಲ, ಅದಕ್ಕೆ ನಿಮಿಷಕ್ಕೊಮ್ಮೆ ಕಾನ್ಫಿಗ್, ಟಿಓಎಸ್ ಓದಿ ಹೋಲಿಸಿ. ವ್ಯತ್ಯಾಸ ಕಂಡರೆ ಮತ್ತೆ ಬರೆಯುವ ಮೊದಲು ಲಾಗ್‌ಗೆ ಹಾಕಿ, ಇಲ್ಲದಿದ್ದರೆ ಸಪ್ಲೈ ತೊಂದರೆ ಎಂದೂ ಗೊತ್ತಾಗುವುದಿಲ್ಲ.