ಅಪ್‌ಡೇಟ್: ಕಾರು ಎದ್ದಿದೆ, ನನ್ನ ಸಿಟ್ಟು ಇಳಿದಿಲ್ಲ

ಹೋದ ತಿಂಗಳು ಕೇಳಿದ್ದೆನಲ್ಲ, ಬಳ್ಳಾರಿಯಲ್ಲಿ ಮನೆ ಮುಂದೆ ಎರಡು ದಿನ ನಿಲ್ಲಿಸಿದ್ದ ಎಲೆಕ್ಟ್ರಿಕ್ ಕಾರಿನ ಬಾಗಿಲೇ ತೆಗೀತಿಲ್ಲ, ಚಾರ್ಜ್ ನೋಡಿದರೆ 70% ಇತ್ತು ಅಂತ. ಕಾರು ಓಡಿಸುವ ದೊಡ್ಡ ಬ್ಯಾಟರಿ ಹೋಯ್ತು, ಲಕ್ಷಗಟ್ಟಲೆ ಖರ್ಚು ಅಂತ ಹೆದರಿಸಿದವರೇ ಹೆಚ್ಚು. 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿಸಿ ಅಂದವರೊಬ್ಬರ ಮಾತೇ ನಿಜವಾಯ್ತು.

ಬಾಗಿಲ ಲಾಕು, ಸ್ಕ್ರೀನು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ಚು ಎಲ್ಲ ನಡೆಯೋದು ಆ ಸಣ್ಣ ಬ್ಯಾಟರಿ ಮೇಲೆ. ಅದು ಸತ್ತರೆ ನೆಲದಡಿಯ ಹಗೇವಿನ ತುಂಬ ಜೋಳ ಇದ್ದೂ ಇಳಿಯೋಕೆ ಏಣಿ ಇಲ್ಲದ ಹಾಗೆ. ಸತ್ತಿದ್ದು ಯಾಕೆ? ಮೊಬೈಲ್ ಆ್ಯಪಿಗೆ ಸುದ್ದಿ ಕಳಿಸುವ ಘಟಕ ಕೊನೇ ಸಾಫ್ಟ್‌ವೇರ್ ಹಾಕಿದ ಮೇಲೆ ನಿದ್ದೆಗೇ ಹೋಗ್ತಿರಲಿಲ್ಲ, ಹಗಲೂ ರಾತ್ರಿ ಕರೆಂಟ್ ಹೀರ್ತಿತ್ತು. ಸರ್ವಿಸ್‌ನವರು ಮೊದಲು "ನೀವು ಆ್ಯಪ್ ಜಾಸ್ತಿ ನೋಡ್ತೀರಿ ಸರ್" ಅಂದ್ರು! ಕಾರಿನ ಲಾಗ್, ಅಂದ್ರೆ ಒಳಗಿನ ದಾಖಲೆ, ತೆಗೆದ ಮೇಲೆ ಸುಮ್ಮನಾದ್ರು. ವಾರಂಟಿಯಲ್ಲಿ ಸಣ್ಣ ಬ್ಯಾಟರಿ ಬದಲಾಯ್ತು, ಸಾಫ್ಟ್‌ವೇರೂ ಹೊಸದು. ಮೂರು ವಾರದಿಂದ ತಕರಾರಿಲ್ಲ.

ಎಸಿ ಗೋಳು ಮಾತ್ರ ಹಾಗೇ ಇದೆ, ಅದನ್ನು ನಡೆಸೋದೆಲ್ಲ ಟಚ್‌ಸ್ಕ್ರೀನ್ ಮುಟ್ಟಿಯೇ. ಸಂಡೂರು ಕಡೆ ಹೋಗಿ ಬಂದರೆ ಅದಿರಿನ ಕೆಂಪು ಧೂಳು ಸ್ಕ್ರೀನ್ ಮೇಲೆ ಕೂರುತ್ತೆ. ಬಟ್ಟೆ ತಗೊಂಡು ಒರೆಸಿದರೆ ಒಮ್ಮೆ ಫ್ಯಾನ್ ಜೋರಾಗುತ್ತೆ, ಒಮ್ಮೆ ಹೀಟರೇ ಶುರು. ಬಳ್ಳಾರಿ ಬಿಸಿಲಲ್ಲಿ ಹೀಟರ್! ತಿರುಗಿಸೋ ಒಂದು ಗುಂಡಿ ಕೊಟ್ಟಿದ್ದರೆ ಇವರ ಗಂಟೇನು ಹೋಗ್ತಿತ್ತು? ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ಗೆಲ್ಲ ನಿಜವಾದ ಗುಂಡಿ ಇದ್ದರೇ ಪೂರ್ತಿ ಅಂಕ ಅಂತ ಮಾಡಿದೆ. ಆ ಪಟ್ಟಿಯಲ್ಲಿ ಎಸಿ ಇಲ್ಲ, ನನ್ನ ಹಣೆಬರಹ.

ಸಣ್ಣ ಬ್ಯಾಟರಿ ಮತ್ತೆ ಸತ್ತರೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡೋಕೆ ಅಂತ ಮುಂಜಾಗ್ರತೆಗೆ ಡಿಕ್ಕಿಯಲ್ಲಿ ಜಂಪ್ ಕೇಬಲ್ ಇಟ್ಟಿದ್ದೆ. "ಕರೆಂಟೇ ಇಲ್ಲಂದ್ರ ಡಿಕ್ಕಿ ಹೆಂಗ ತೆಗೀತೀರಿ?" ಅಂತ ಮನೆಯಾಕಿ ಕೇಳಿದ ಮೇಲೆ ಒಳಗೆ ತಂದಿಟ್ಟೆ.